ನೀರಿನ ಟ್ಯಾಂಕಿನ ಆಚೆ ನಾನೂರು ಮೀಟರು

ನಮ್ಮೂರಿನಲ್ಲಿ ರಸ್ತೆ ಮಾಡಬೇಕಾದರೆ ಮೊದಲು ಯಾರಾದರೊಬ್ಬರು ಆ ದಾರಿಯಲ್ಲಿ ನಡೆದು ಹೋಗಬೇಕು. ಸುಮ್ಮನೆ ಗಾಳಿ ಸೇವನೆಗೆ ಹೋದರೆ ನಡೆಯದು. ಆ ತುದಿಯಲ್ಲಿ ಒಬ್ಬ ಮನುಷ್ಯ ಇರಬೇಕು, ಆ ಮನುಷ್ಯನ ಹತ್ತಿರ ನಮಗೆ ನಿಜವಾದ ಕೆಲಸವಿರಬೇಕು. ಹಾಗೆ ನಡೆದ ಜಾಡಿನ ಮೇಲೆ ಹಾಕಿದ ಡಾಂಬರು ನಿಲ್ಲುತ್ತದೆ. ಬೇರೆ ಕಡೆ ಹಾಕಿದ್ದು ಬೆಳಗಾಗುವಷ್ಟರಲ್ಲಿ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದುಬರುತ್ತದೆ. ನಾನು ರಸ್ತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ನಡೆಯುವವಳಾಗಿ ದುಡಿದವಳು. ಹೆಸರು ಚೆಲುವಾಜಮ್ಮ, ಇಲಾಖೆಯವರ ಬಾಯಲ್ಲಿ ಚೆಲುವಕ್ಕ. ನನ್ನ ಪಾದಗಳನ್ನು ನೋಡಿದವರು ಈ ಹೆಸರು ಇಟ್ಟವರು ಯಾರು ಎಂದು ನಗುತ್ತಾರೆ. ನಗಲಿ, ಅವರು ಓಡಾಡುವ ಅರ್ಧ ಊರು ಈ ಪಾದದ ಮೇಲೆಯೇ ನಿಂತಿದೆ.

ಸಣ್ಣಪುಟ್ಟ ಓಣಿಗಳಿಗೆ ಎರವಲು ಕೆಲಸ ಸಾಕಾಗುತ್ತದೆ. ಯಾರದೋ ಮದುವೆಯ ಕರೆಯೋಲೆ, ಯಾರಿಗೋ ಕಷಾಯದ ಪುಡಿ, ಬಾಣಂತಿಯನ್ನು ವಿಚಾರಿಸಿಕೊಂಡು ಬರುವುದು, ಇಂಥದ್ದನ್ನು ಹೊತ್ತು ನಾವು ನಡೆದರೂ ಓಣಿಯ ಡಾಂಬರು ನಾಲ್ಕು ಮಳೆಗಾಲ ತಡೆಯುತ್ತದೆ. ಹೆದ್ದಾರಿಗೆ ಮಾತ್ರ ನಡೆಯುವವರ ಸ್ವಂತದ ಕೆಲಸವೇ ಬೇಕು. ಮನಸ್ಸು ಅತ್ತಿತ್ತ ಹೋದರೆ ರಸ್ತೆಯೂ ಹೋಗುತ್ತದೆ. ನಮ್ಮ ಹಳೇ ಪೇಟೆಯ ರಸ್ತೆಯಲ್ಲಿ ಕಾರಣವೇ ಇಲ್ಲದ ಒಂದು ತಿರುವಿದೆ. ನನಗಿಂತ ಹಿಂದೆ ಕೆಲಸದಲ್ಲಿದ್ದ ಒಬ್ಬ ಮಹಾನುಭಾವ ಅಲ್ಲಿ ಬೋಂಡದ ವಾಸನೆಗೆ ಎರಡು ನಿಮಿಷ ಸೋತಿದ್ದ. ಇಂದಿಗೂ ಲಾರಿಗಳು ಆ ತಿರುವಿನಲ್ಲಿ ಗೋಡೆಗೆ ಉಜ್ಜಿಕೊಂಡೇ ಹೋಗುತ್ತವೆ.

ಹೀಗಿರುವುದರಿಂದ ನಮ್ಮಲ್ಲಿ ಒಂದು ರೂಢಿ ಬೆಳೆದುಬಂದಿದೆ. ಮನೆ ಬಿಟ್ಟು ದೂರ ಹೋಗುವವರು ತಮ್ಮ ಒಂದು ವಸ್ತುವನ್ನು ಹತ್ತಿರದವರ ಮನೆಯಲ್ಲಿ ಬಿಟ್ಟು ಹೋಗುತ್ತಾರೆ. ಅದಕ್ಕೆ ಉಳಿಕೆ ಎನ್ನುತ್ತೇವೆ. ಉಳಿಕೆಯನ್ನು ಇಟ್ಟುಕೊಂಡವರು ಆಗಾಗ ಅದನ್ನು ತೆಗೆದುಕೊಂಡು ಹೋಗಿ, ಉಂಡು, ಮಾತಾಡಿ, ಮತ್ತೆ ಜೊತೆಯಲ್ಲೇ ವಾಪಸು ತರುತ್ತಾರೆ. ಹಾಗಾಗಿ ಕೆಲಸ ಎಂದೂ ತೀರುವುದಿಲ್ಲ, ರಸ್ತೆ ಎಂದೂ ಸಡಿಲವಾಗುವುದಿಲ್ಲ. ಯಾರಾದರೂ ಉಳಿಕೆಯನ್ನು ಬಾಗಿಲಲ್ಲಿಟ್ಟು ಒಳಗೆ ಹೋಗದೆ ಬಂದುಬಿಟ್ಟರೆ ನಿಮ್ಮ ನಮ್ಮ ಸಂಬಂಧ ಮುಗಿಯಿತು ಎಂದು ಅರ್ಥ. ಇನ್ನು 'ಅಲ್ಲಿ ನನಗೇನು ಕೆಲಸ' ಎಂಬ ಮಾತನ್ನಂತೂ ನಮ್ಮೂರಿನಲ್ಲಿ ಹಗೆಗಳೂ ಆಡುವುದಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಅಂದಿದ್ದಕ್ಕೆ ನಮ್ಮವ್ವ ನನ್ನ ಬಾಯಿಗೆ ಹುಣಸೆಹಣ್ಣು ತಿಕ್ಕಿದ್ದಳು.

ಅದೇ ಮಾತನ್ನು ನಾನು ನನ್ನ ಒಡಹುಟ್ಟಿದ ತಂಗಿಗೆ ಆಡಿದೆ. ತಂಗಿಯ ಹೆಸರು ಸಾಕಮ್ಮ, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು, ನಾನೇ ಎತ್ತಿ ಆಡಿಸಿದವಳು. ಅವಳ ಗಂಡ ಚನ್ನಿಗಪ್ಪ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದರು. ಊರಿನಿಂದ ಹದಿನಾಲ್ಕು ಕಿಲೋಮೀಟರು ಆಚೆ, ಬಯಲಿನಲ್ಲಿ ನಂಬರು ಬರೆದ ಕಲ್ಲುಗಳನ್ನಷ್ಟೇ ನೆಟ್ಟಿದ್ದ ಕಾಲದಲ್ಲಿ ಅವರಿಬ್ಬರೂ ಒಂದು ಸೈಟು ಕೊಂಡು ಮನೆ ಕಟ್ಟಿದರು. ಹೊರಬಡಾವಣೆಯ ಮೊಟ್ಟಮೊದಲ ಮನೆ ಅದು. ನನಗದು ಸರಿಬರಲಿಲ್ಲ. ನನ್ನನ್ನು ಕೇಳದೆ ಸೈಟು ಕೊಂಡಳು ಎಂಬ ಸಿಟ್ಟು ಒಂದು ಕಡೆ, ಪಕ್ಕದ ಬೀದಿಯಲ್ಲಿ ಇದ್ದವಳು ಕಣ್ಣಿಗೆ ಕಾಣದ ಹಾಗೆ ಹೋಗುತ್ತಾಳಲ್ಲ ಎಂಬ ಸಂಕಟ ಇನ್ನೊಂದು ಕಡೆ. ಸಂಕಟ ಇದ್ದದ್ದು ಒಳಗೆ, ಹೊರಗೆ ಬರುತ್ತಿದ್ದುದು ಬರೀ ಸಿಟ್ಟು.

ಗೃಹಪ್ರವೇಶಕ್ಕೆ ಕರೆಯಲು ಕುಂಕುಮದ ಬಟ್ಟಲು ಹಿಡಿದು ಬಂದಳು. ಕಂಕುಳಲ್ಲಿ ನಮ್ಮವ್ವನ ಕಾಲದ ಶಾವಿಗೆ ಒರಳೂ ಇತ್ತು, ಹಿತ್ತಾಳೆಯದು, ಕೈ ಸೋಲುವಷ್ಟು ಭಾರ. ಅದನ್ನು ನನ್ನ ಅಡುಗೆಮನೆಯ ಮೂಲೆಯಲ್ಲಿ ಇಟ್ಟು, "ಇದು ನಿನ್ನ ಹತ್ರ ಇರ್ಲಿ ಅಕ್ಕ. ಬರೋವಾಗ ತಾ. ನೀನು ನಡ್ಕೊಂಡು ಬಂದ್ರೆ ನಮ್ಮ ಮನೆ ತಂಕ ರಸ್ತೆ ಆಗತ್ತೆ," ಅಂದಳು. ಮನೆಯಲ್ಲಿ ನಾಲ್ಕು ಜನ ನೆಂಟರು ಕೂತಿದ್ದರು. ಅವರೆದುರಿಗೇ ನಾನು, "ಆ ಬಯಲಲ್ಲಿ ನಂಗೇನು ಕೆಲ್ಸ?" ಅಂದುಬಿಟ್ಟೆ. ಸಾಕಮ್ಮ ಬಟ್ಟಲು ಮುಚ್ಚಿಕೊಂಡು ಎದ್ದು ಹೋದಳು. ಒರಳನ್ನು ಮಾತ್ರ ತೆಗೆದುಕೊಂಡು ಹೋಗಲಿಲ್ಲ.

ಅಲ್ಲಿಂದ ಹನ್ನೊಂದು ವರ್ಷ ನಾವಿಬ್ಬರೂ ಮಾತಾಡಲಿಲ್ಲ. ಆಮೇಲೆ ಆ ಬಯಲು ಯಾರೂ ಎಣಿಸದ ಹಾಗೆ ಬೆಳೆಯಿತು. ಎಲ್ಲೆಲ್ಲಿಂದಲೋ ಬಂದವರು ಮನೆ ಕಟ್ಟಿದರು, ಬಡಾವಣೆಗೆ ಬಡಾವಣೆ ಸೇರಿತು, ಶಾಲೆ ಬಂತು, ಎರಡು ಕಲ್ಯಾಣ ಮಂಟಪ ಬಂದವು, ನಲವತ್ತು ಸಾವಿರ ಜನ ಆದರು. ಅವರು ಒಬ್ಬರಿಗೊಬ್ಬರು ಸಕ್ಕರೆ, ಕರಿಬೇವು ಕೇಳಿಕೊಂಡು ಓಡಾಡಿದ್ದರಿಂದ ಒಳಗಿನ ಓಣಿಗಳೆಲ್ಲ ಕನ್ನಡಿಯ ಹಾಗೆ ನುಣುಪಾಗಿದ್ದವು. ಊರಿಗೆ ಬರುವ ದಾರಿಯೊಂದೇ ಕೆಸರು. ಅವರು ದಿನಾ ಊರಿಗೆ ಬರುತ್ತಿದ್ದರು, ಆದರೆ ಕಾರ್ಖಾನೆಗೆ, ಅಂಗಡಿಗೆ, ಕಚೇರಿಗೆ. ಅವರಿಗೆ ಊರಿನಲ್ಲಿ ಮನುಷ್ಯರು ಎಂದು ಯಾರೂ ಇರಲಿಲ್ಲ. ನಮ್ಮ ಊರಿನವರಿಗೂ ಅಲ್ಲಿ ಯಾರೂ ಇರಲಿಲ್ಲ, ನನಗೊಬ್ಬಳಿಗೆ ಬಿಟ್ಟು.

ಏಳನೆಯ ವರ್ಷದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಚನ್ನಿಗಪ್ಪನವರಿಗೆ ಎದೆನೋವು ಬಂತಂತೆ. ಸಾಮಾನು ಸಾಗಿಸುವ ಟೆಂಪೋದಲ್ಲಿ ಮಲಗಿಸಿಕೊಂಡು ಊರಿನ ಆಸ್ಪತ್ರೆಗೆ ಹೊರಟರಂತೆ. ಟೆಂಪೋ ಕೆಸರಿನಲ್ಲಿ ಹೂತುಕೊಂಡಿತು. ಏಳು ಗಂಟೆಯಿಂದ ಹತ್ತೂವರೆಯವರೆಗೆ ಸಾಕಮ್ಮ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಚಕ್ರ ಮೇಲೆದ್ದಾಗ ಅವರಿರಲಿಲ್ಲ. ನನಗೆ ಸುದ್ದಿ ತಲುಪಿದ್ದು ಹನ್ನೊಂದನೆಯ ದಿನ, ಅದೂ ಹಾಲಿನವನ ಬಾಯಿಂದ. ಹೋಗಲು ಕಾಲು ಬರಲಿಲ್ಲ. ನಾನು ಅಂದು ನಡೆದಿದ್ದರೆ ಅಲ್ಲಿ ರಸ್ತೆ ಇರುತ್ತಿತ್ತು ಎಂಬುದು ಊರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ನಾನೂ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ.

ಕೊನೆಗೆ ಹೆದ್ದಾರಿಯನ್ನು ಹೊರಬಡಾವಣೆಯವರೆಗೆ ಬೆಳೆಸಲೇಬೇಕೆಂದು ಆದೇಶ ಬಂತು. ಊರಿನ ಅಂಚಿನಲ್ಲಿ ನಿಂತಿದ್ದ ರಸ್ತೆಗೆ ಇನ್ನೂ ಹದಿನಾಲ್ಕು ಕಿಲೋಮೀಟರು ಸೇರಬೇಕು. ಮೊದಲು ನಗರಸಭೆಯ ಅಧ್ಯಕ್ಷರು ಹಾರ ಹಾಕಿಸಿಕೊಂಡು, ವಾದ್ಯದ ಜೊತೆ ನಡೆದರು. ಅವರ ರಸ್ತೆ ಮೊದಲನೆಯ ಎಳನೀರಿನ ಗಾಡಿಯವರೆಗೆ ನಿಂತಿತು, ಫೋಟೋ ತೆಗೆಯುವವನು ಹಿಂದಿರುಗಿದ್ದು ಅಲ್ಲಿಂದಲೇ. ಆಮೇಲೆ ಒಬ್ಬ ಸೈಟು ದಲ್ಲಾಳಿ ಹುರುಪಿನಿಂದ ನಡೆದ. ಅವನ ಕೈಯಲ್ಲಿ ಮಾರಲಿಕ್ಕಿದ್ದ ಸೈಟುಗಳ ಎದುರಿಗೆ ಮಾತ್ರ ಅಲ್ಲಲ್ಲಿ ಡಾಂಬರು ಹಿಡಿಯಿತು. ಒಬ್ಬ ಮೇಷ್ಟರು ಅಲ್ಲಿನ ಶಾಲೆಗೆ ವರ್ಗವಾಗಿ ಹೋಗುವಾಗ ಮನಸ್ಸಿಲ್ಲದ ಮನಸ್ಸಿನಿಂದ ನಡೆದರು, ಅವರಿಂದ ಒಂದು ಸೈಕಲ್ ಹೋಗುವಷ್ಟು ಅಗಲ ಸಿಕ್ಕಿತು. ಜನ ನಕ್ಕರು. ಟೆಂಪೋಗಳು ಹೂತುಕೊಳ್ಳುತ್ತಲೇ ಇದ್ದವು.

ಒಂದು ಮಧ್ಯಾಹ್ನ ಇಂಜಿನಿಯರ್ ಫಣಿರಾಜು ನನ್ನ ಮನೆಗೇ ಬಂದರು. ನನಗೆ ಮಗನ ವಯಸ್ಸಿನವರು, ಮೆಲುಮಾತಿನವರು. ಅಡುಗೆಮನೆಯ ಮೂಲೆಯಲ್ಲಿದ್ದ ಒರಳು ಅವರ ಕಣ್ಣಿಗೆ ಬಿತ್ತು.

"ಅಕ್ಕ, ನಿಮಗೆ ಅಲ್ಲಿ ಕೆಲಸ ಇದೆ ಅಲ್ವಾ," ಅಂದರು.

"ಇದೆ," ಅಂದೆ. ಸುಳ್ಳು ಹೇಳಲು ಆಗಲಿಲ್ಲ. "ಮುಖ ಇಲ್ಲ ಸ್ವಾಮಿ."

"ರಸ್ತೆಗೆ ಮುಖ ಬೇಕಾಗಿಲ್ಲ ಅಕ್ಕ, ಪಾದ ಸಾಕು," ಎಂದು ಎದ್ದುಹೋದರು. ಆ ಮಾತು ಚೆನ್ನಾಗಿತ್ತು, ಆದರೆ ನಿಜವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಹೊರಟೆ. ಬೆಳಗಿನ ಆರಕ್ಕೆ ಒರಳನ್ನು ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಊರಿನ ಅಂಚಿನಿಂದ ನಡೆದೆ. ಹಿಂದಿನಿಂದ ಮೇಸ್ತ್ರಿ ಬೋರಲಿಂಗಯ್ಯ ನನ್ನ ಹೆಜ್ಜೆಯ ಜಾಡಿಗೆ ಸುಣ್ಣದ ಗೆರೆ ಬಿಡುತ್ತಾ ಬಂದ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ತಪ್ಪಾಯಿತು ಸಾಕೂ, ನಾನು ಅಂದು ಬರಬೇಕಿತ್ತು. ಹದಿಮೂರೂವರೆ ಕಿಲೋಮೀಟರು ಆ ಮಾತು ನನ್ನನ್ನು ನಡೆಸಿತು. ಹೊರಬಡಾವಣೆಯ ನೀರಿನ ಟ್ಯಾಂಕಿನ ಹತ್ತಿರ ಬಂದಾಗ ಬೋರಲಿಂಗಯ್ಯ ಅವಳ ಮನೆಯ ಹಸಿರು ಗೇಟು ತೋರಿಸಿದ. ಅಲ್ಲಿಯೇ ನನ್ನೊಳಗಿನ ಮಾತು ಬದಲಾಯಿತು: ಕೊಟ್ಟು ಬಂದುಬಿಡೋಣ, ಇವತ್ತಿಗೆ ಅಷ್ಟು ಸಾಕು.

ಕಾಲುಗಳು ನಿಲ್ಲಲಿಲ್ಲ, ಅಭ್ಯಾಸಬಲ. ಗೇಟಿನವರೆಗೂ ಹೋದೆ, ಗೇಟು ತೆರೆದು ಮೆಟ್ಟಿಲವರೆಗೂ ಹೋದೆ. ಒಳಗೆ ಕುಕ್ಕರ್ ಕೂಗಿತು. ಕಿಟಕಿಯಲ್ಲಿ ಚನ್ನಿಗಪ್ಪನವರ ಫೋಟೋ, ಅದಕ್ಕೊಂದು ಗಂಧದ ಹಾರ. ಕೈ ಸೋತಿತ್ತು ಎಂದು ಒರಳನ್ನು ಮೆಟ್ಟಿಲ ಮೇಲೆ ಇಟ್ಟೆ. ಇಟ್ಟ ಮೇಲೆ ಎತ್ತಿಕೊಳ್ಳಲೂ ಆಗಲಿಲ್ಲ, ಕದ ತಟ್ಟಲೂ ಆಗಲಿಲ್ಲ. ಕಳ್ಳಿಯ ಹಾಗೆ ತಿರುಗಿ ಬಂದೆ. ಬೋರಲಿಂಗಯ್ಯ ಗೇಟಿನ ಹತ್ತಿರ ಖಾಲಿ ಬುಟ್ಟಿ ಹಿಡಿದು ನಿಂತಿದ್ದ. ನಾನು ಉಳಿಕೆಯನ್ನು ಬಾಗಿಲಲ್ಲಿ ಬಿಟ್ಟು ಬಂದಿದ್ದೇನೆ ಎಂಬುದು ನನಗೆ ಹೊಳೆದದ್ದು ಟ್ಯಾಂಕು ದಾಟಿದ ಮೇಲೆ. ಅದನ್ನು ಅವನು ಆಗಲೇ ಕಂಡುಕೊಂಡಿದ್ದ.

ಒಂದು ತಿಂಗಳು ಕೆಲಸ ನಡೆಯಿತು. ಜಲ್ಲಿ ಬಿತ್ತು, ಡಾಂಬರು ಬಿತ್ತು, ರೋಲರ್ ಓಡಿತು. ನನ್ನ ಹೆಜ್ಜೆಯ ಮೇಲೆ ನಾಲ್ಕು ಲಾರಿ ಒಟ್ಟಿಗೆ ಹೋಗುವಷ್ಟು ಅಗಲದ ರಸ್ತೆ ಎದ್ದಿತು. ಬೋರಲಿಂಗಯ್ಯ ದಿನಾ ಸಂಜೆ ಬಂದು ಸುದ್ದಿ ಹೇಳುತ್ತಿದ್ದ. "ಒರಳು ಇನ್ನೂ ಮೆಟ್ಲ ಮೇಲೇ ಐತೆ ಅಕ್ಕ. ಒಳಕ್ಕೂ ತಗಂಡಿಲ್ಲ, ಆಚಿಕೂ ಬಿಸಾಕಿಲ್ಲ. ಮಳೆ ಬಂದಾಗ ಮೇಲೊಂದು ಗೋಣಿಚೀಲ ಮುಚ್ತಾರೆ." ನಾನು ಹೂಂಗುಟ್ಟುತ್ತಿದ್ದೆ. ಆ ಗೋಣಿಚೀಲವನ್ನು ನೆನೆದು ಎಷ್ಟೋ ಸಲ ಊಟ ಬಿಟ್ಟು ಎದ್ದಿದ್ದೇನೆ.

ಕೊನೆಯ ತುಂಡಿಗೆ ಡಾಂಬರು ಹಾಕಿದ ಮರುದಿನ ಫಣಿರಾಜು ಜೀಪು ಕಳಿಸಿದರು. ಹೋಗಿ ನೋಡಿದರೆ ಟ್ಯಾಂಕಿನವರೆಗೆ ರಸ್ತೆ ಬಂಡೆಯ ಹಾಗಿದೆ. ಟ್ಯಾಂಕಿನಿಂದ ಹಸಿರು ಗೇಟಿನವರೆಗೆ ಪೂರ್ತಿ ಸುಕ್ಕುಗಟ್ಟಿ ಎದ್ದಿದೆ. ಟೇಪು ಹಿಡಿದು ಅಳೆದರು, ನಾನೂರು ಮೀಟರು. ಬಡಾವಣೆಯ ಜನ ಇಬ್ಬದಿಯಲ್ಲಿ ನಿಂತು ನೋಡುತ್ತಿದ್ದರು. ನನ್ನ ಮನಸ್ಸು ಎಲ್ಲಿ ತಿರುಗಿತು ಎಂಬುದನ್ನು ಊರಿಗೆ ಊರೇ ಗೇಣುಗೇಣು ಅಳೆದು ನೋಡಿತು. ಮೂವತ್ತೊಂದು ವರ್ಷದಲ್ಲಿ ನನಗೆ ಅಂಥ ಅವಮಾನ ಆಗಿರಲಿಲ್ಲ.

"ಬೇರೆ ಯಾರನ್ನಾದ್ರೂ ನಡೆಸಿ ಸ್ವಾಮಿ," ಅಂದೆ.

"ಅರ್ಧಕ್ಕೆ ನಿಂತ ಕೆಲಸನ ಬೇರೆಯವರು ಮುಗಿಸೋಕೆ ಆಗಲ್ಲ ಅಕ್ಕ, ನಿಮಗೇ ಗೊತ್ತು. ಹೊರಟವರು ಮುಗಿಸಬೇಕು, ಇಲ್ಲ ಯಾರ ಹತ್ರ ಹೊರಟಿದ್ರೋ ಅವರು ಎದುರು ಬರಬೇಕು." ಫಣಿರಾಜು ಕೆಸರಾದ ತಮ್ಮ ಬೂಟುಗಳನ್ನು ನೋಡಿಕೊಂಡರು. "ಮಳೆಗಾಲ ಹತ್ರ ಬಂತು," ಎಂದಷ್ಟೇ ಹೇಳಿದರು.

ಜೀಪಿನ ಪಕ್ಕದಲ್ಲಿ ನಿಂತು ಬಹಳ ಹೊತ್ತು ಆ ಗೇಟನ್ನೇ ನೋಡಿದೆ. ಕೈಯಲ್ಲಿ ಏನೂ ಇರಲಿಲ್ಲ. ನೆಪಕ್ಕೊಂದು ಒರಳು ಕೂಡ ಇಲ್ಲ. ಇನ್ನು ಉಳಿದಿದ್ದು ಒಂದೇ ಕೆಲಸ, ಬಾಯಿ ಬಿಟ್ಟು ಹೇಳುವುದು. ಸೆರಗು ಸಿಕ್ಕಿಸಿಕೊಂಡು ಟ್ಯಾಂಕಿನ ಹತ್ತಿರದಿಂದ ನಡೆಯತೊಡಗಿದೆ. ಬೋರಲಿಂಗಯ್ಯ ಯಾರೂ ಹೇಳದೆಯೇ ಸುಣ್ಣದ ಬುಟ್ಟಿ ಎತ್ತಿಕೊಂಡ.

ಐವತ್ತು ಹೆಜ್ಜೆ ಹೋಗಿರಬಹುದು, ಆ ಕಡೆ ಗೇಟು ತೆರೆಯಿತು. ಸಾಕಮ್ಮ ಹೊರಗೆ ಬಂದಳು. ತಲೆ ಅರ್ಧ ನರೆತಿತ್ತು. ಎರಡೂ ಕೈಯಲ್ಲಿ ಒರಳು. ಮುಖ ಗಂಟು ಹಾಕಿಕೊಂಡು ನೇರ ನನ್ನ ಕಡೆಗೇ ಬರುತ್ತಿದ್ದಳು. ಚಿಕ್ಕಂದಿನಲ್ಲಿ ನಾನು ಅವಳ ಗೊಂಬೆಯ ಕೈ ಮುರಿದಾಗಲೂ ಇದೇ ನಡಿಗೆಯಲ್ಲಿ ಬಂದಿದ್ದಳು. ಗೇಟಿನ ಹತ್ತಿರ ಸುಮ್ಮನೆ ಕೂತಿದ್ದ ರಸ್ತೆ ಕೆಲಸದ ಗ್ಯಾಂಗಿನ ಆಳೊಬ್ಬ ಅವಳ ಕಾಲು ನೋಡಿದ, ಎದ್ದು ಸುಣ್ಣ ಬಿಡುತ್ತಾ ಹಿಂದೆಯೇ ಬಂದ. "ಏನಯ್ಯಾ, ನನ್ನ ಹಿಂದೆ ರಂಗೋಲಿ ಬಿಡ್ತಾ ಬರ್ತೀಯಾ?" ಎಂದು ಗದರಿದಳು. ಅವನು ತಲೆ ತಗ್ಗಿಸಿದ, ಸುಣ್ಣ ಬಿಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ನಡುದಾರಿಯಲ್ಲಿ ಅವಳು ಇದ್ದಕ್ಕಿದ್ದಂತೆ ನಿಂತಳು. ಅವಳು ನಿಂತಳೆಂದು ನಾನೂ ನಿಂತೆ. ನಡುವೆ ಉಳಿದದ್ದು ಒಂದು ಮಾರಿನಷ್ಟು ಜಾಗ.

"ಇದು ನನ್ನ ಮೆಟ್ಲ ಮೇಲೆ ಯಾಕಿತ್ತು?" ಹನ್ನೊಂದು ವರ್ಷದ ಮೇಲೆ ಅವಳು ಆಡಿದ ಮೊದಲ ಮಾತು ಅದು.

ಉತ್ತರಕ್ಕೂ ಅವಳು ಕಾಯಲಿಲ್ಲ.

"ಸಂಬಂಧ ಕಡ್ಕೊಳೋದಾದ್ರೆ ಎದುರಿಗೆ ನಿಂತು ಹೇಳ್ಬೇಕಿತ್ತು. ಗಂಡ ಸತ್ತೋಳ ಮನೆ ಅಂತ ಬಾಗ್ಲಲ್ಲಿ ಇಟ್ಟು ಹೋದ್ಯಾ? ತಗೋ, ನೀನೇ ಇಟ್ಕೊ. ಇದನ್ನ ನಿನ್ನ ಮನೆ ಮೂಲೇಲಿ ಎಸೆದು ಬರಕ್ಕೇ ಹೊರಟಿದೀನಿ."

"ಕದ ತಟ್ಟಕ್ಕೆ ಕೈ ಬರ್ಲಿಲ್ಲ ಸಾಕೂ. ಕಿಟಕೀಲಿ ಅವರ ಫೋಟೋ ಕಾಣ್ತು. ಅವತ್ತು ನಾನು ಬಂದಿದ್ರೆ ರಸ್ತೆ ಇರ್ತಿತ್ತು. ಅವರೂ ಇರ್ತಿದ್ರು. ಅದನ್ನ ಹೇಳಕ್ಕೆ ಬಂದೆ. ನಂಗೆ ಇರೋ ಕೆಲ್ಸ ಅದೊಂದೇ."

ಅವಳು ನನ್ನ ಮುಖ ನೋಡಿದಳು. ಹಾಗಲ್ಲ ಬಿಡು ಅಕ್ಕ ಎನ್ನುತ್ತಾಳೇನೋ ಎಂದು ನನ್ನೊಳಗೆ ಒಂದು ಆಸೆ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

"ಹೌದು," ಅಂದಳು. "ಇರ್ತಿದ್ರು."

ನಾನು ಅಳು ತಡೆದುಕೊಂಡು, ಕೇಳಬಾರದ್ದನ್ನು ಕೇಳಿದೆ. "ಎಲ್ಲಿ ಆಯ್ತು ಅದು?"

"ಇಲ್ಲೇ." ಅವಳು ಗದ್ದದಿಂದ ನಮ್ಮಿಬ್ಬರ ನಡುವಿನ ನೆಲವನ್ನು ತೋರಿಸಿದಳು. "ಮನೆ ಕಾಣ್ತಿತ್ತು. ಗೇಟು ಕಾಣ್ತಿತ್ತು. 'ಸೂಜಿ ಡಬ್ಬಿ ಮುಚ್ಚಿಟ್ಟು ಬಂದ್ಯಾ' ಅಂತ ಕೇಳಿದ್ರು. ಆಮೇಲೆ ಮಾತಾಡ್ಲಿಲ್ಲ."

ಅವಳು ಒರಳನ್ನು ಎರಡೂ ಕೈಯಿಂದ ಆ ಜಾಗದ ಮೇಲಿನಿಂದ ನನ್ನತ್ತ ಚಾಚಿದಳು. "ಹಿಡ್ಕೊ. ನಾನು ಇದನ್ನ ಮರ್ಯಲ್ಲ ಅಕ್ಕ, ಸಾಯೋ ತಂಕ ಮರ್ಯಲ್ಲ. ಆದ್ರೆ ಒರಳು ನನ್ನ ಮನೇಲಿ ಉಳಿದ್ರೆ ನೀನು ಮತ್ತೆ ಬರಲ್ಲ." ಒರಳನ್ನು ಇನ್ನಷ್ಟು ಮುಂದೆ ಚಾಚಿ, "ಮುಂದಿನ ತಿಂಗಳು ಅವರ ತಿಥಿ. ಶಾವಿಗೆ ಪಾಯಸ ಅಂದ್ರೆ ಅವರಿಗೆ ಆಸೆ. ತಗೊಂಡು ಬಾ," ಅಂದಳು. ನಾನು ಆಚೆ ದಡದಿಂದ ಎಂಬಂತೆ ಕೈ ಚಾಚಿ ಒರಳನ್ನು ಹಿಡಿದುಕೊಂಡೆ. ಅವಳು ಆ ನೆಲವನ್ನು ದಾಟಲಿಲ್ಲ, ನಾನೂ ದಾಟಲಿಲ್ಲ. ಬಂದ ದಾರಿಯಲ್ಲೇ ಇಬ್ಬರೂ ಹಿಂದಿರುಗಿದೆವು.

ಮತ್ತೆ ಡಾಂಬರು ಹಾಕಿದರು. ನನ್ನ ಕಡೆಯದು ನಿಂತಿತು. ಸಾಕಮ್ಮನ ಕಡೆಯದು ಇನ್ನೂ ಚೆನ್ನಾಗಿ ನಿಂತಿತು, ಇಡೀ ಹೆದ್ದಾರಿಯಲ್ಲಿ ಅಷ್ಟು ಗಟ್ಟಿಯಾದ ತುಂಡು ಬೇರೆಯಿಲ್ಲ. ಸಿಟ್ಟೂ ಒಂದು ಕೆಲಸವೇ ಎಂದು ಇಲಾಖೆಯ ಪುಸ್ತಕದಲ್ಲಿ ಆಮೇಲೆ ಬರೆದುಕೊಂಡರು. ನಡುವಿನ ಆ ಮಾರಗಲದ ಜಾಗ ಮಾತ್ರ ಯಾವುದಕ್ಕೂ ಜಗ್ಗಲಿಲ್ಲ. ಕಾಂಕ್ರೀಟು ಸುರಿದರು, ಚಪ್ಪಡಿ ಹಾಸಿದರು, ಕಬ್ಬಿಣದ ತಗಡು ಕೂರಿಸಿದರು, ಎಲ್ಲವೂ ಎದ್ದುಬಂತು. ನಾನು ಎರಡು ಸಲ ಅದರ ಮೇಲೆ ನಡೆದೂ ನೋಡಿದೆ, ಏನೂ ಆಗಲಿಲ್ಲ. ಕೊನೆಗೆ ಸಾಕಮ್ಮನೇ ಫಣಿರಾಜು ಅವರಿಗೆ, "ಬಿಡಿ ಸ್ವಾಮಿ, ಅಷ್ಟು ಜಾಗ ಅವರಿಗಿರ್ಲಿ," ಅಂದಳಂತೆ. ಅಲ್ಲೀಗ ಜಲ್ಲಿ ತುಂಬಿ, ನಿಧಾನವಾಗಿ ಹೋಗಿ ಎಂದು ಹಲಗೆ ನೆಟ್ಟಿದ್ದಾರೆ.

ನಾನು ನಿವೃತ್ತಳಾಗಿ ಎರಡು ವರ್ಷವಾಯಿತು. ತಿಂಗಳಿಗೊಮ್ಮೆ ಒರಳನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಹೋಗುತ್ತೇನೆ. ಟ್ಯಾಂಕು ದಾಟಿದೊಡನೆ ಡ್ರೈವರ್ ವೇಗ ಇಳಿಸುತ್ತಾನೆ, ನಿಂತವರು ಕಂಬಿ ಹಿಡಿದುಕೊಳ್ಳುತ್ತಾರೆ, ಬಸ್ಸು ದಡಕ್ಕೆಂದು ಕುಲುಕುತ್ತದೆ. ಆ ಸದ್ದು ಸಾಕಮ್ಮನ ಅಡುಗೆಮನೆಗೆ ಕೇಳುತ್ತದೆ. ಕೇಳಿದ ಕೂಡಲೇ ಅವಳು ಕಾಫಿಗೆ ನೀರಿಡುತ್ತಾಳೆ. ನಾವು ಹೆಚ್ಚು ಮಾತಾಡುವುದಿಲ್ಲ. ಹಿಟ್ಟು ಬೇಯಿಸುತ್ತೇವೆ, ಒಬ್ಬರು ಒರಳು ಹಿಡಿದರೆ ಒಬ್ಬರು ಒತ್ತುತ್ತೇವೆ. ಕೆಲವು ಸಲ ಅವಳು ಇದ್ದಕ್ಕಿದ್ದಂತೆ ಮುಖ ತಿರುಗಿಸಿಕೊಂಡು ಒಳಕೋಣೆಗೆ ಹೋಗುತ್ತಾಳೆ. ನಾನು ಒಬ್ಬಳೇ ಒತ್ತುತ್ತೇನೆ.

ಮೊನ್ನೆ ಹೋದಾಗ ಜೋರು ಮಳೆ. ಆ ಜಾಗದ ಹತ್ತಿರ ನಮ್ಮ ಬಸ್ಸು ಬದಿಗೆ ಸರಿದು ನಿಂತಿತು. ಎದುರಿನಿಂದ, ಬಡಾವಣೆಯ ಕಡೆಯಿಂದ, ಆಂಬುಲೆನ್ಸ್ ಕೂಗಿಕೊಂಡು ಬಂತು. ಹಲಗೆಯ ಹತ್ತಿರ ನಿಧಾನಿಸಿತು, ಮುಂದಿನ ಚಕ್ರ ಇಳಿದು ಹತ್ತಿತು, ಹಿಂದಿನ ಚಕ್ರ ಇಳಿದು ಹತ್ತಿತು. ಆಮೇಲೆ ನನ್ನ ಹದಿಮೂರೂವರೆ ಕಿಲೋಮೀಟರಿನ ಮೇಲೆ ಊರಿನ ಕಡೆಗೆ ಹಾರಿಕೊಂಡು ಹೋಯಿತು.

ಇಳಿದು ನಡೆದು ಹೋದೆ. ಸಾಕಮ್ಮ ಕೊಡೆ ಕೂಡ ಇಲ್ಲದೆ ಗೇಟಿನಲ್ಲಿ ನಿಂತಿದ್ದಳು, ಒಳಗೆ ಕಾಫಿ ಉಕ್ಕಿದ ವಾಸನೆ.

"ಸದ್ದು ಕೇಳ್ತು. ಸಿಕ್ಕಾಕೊಳ್ಲಿಲ್ಲ ತಾನೆ?" ಅಂದಳು.

"ಇಲ್ಲ ಸಾಕೂ. ಹೋಯ್ತು."

ಅವಳು ಇನ್ನೂ ಸ್ವಲ್ಪ ಹೊತ್ತು ರಸ್ತೆಯ ಕಡೆಗೇ ನೋಡಿದಳು. ಆಮೇಲೆ ನನ್ನ ಕೈಯಿಂದ ಒರಳನ್ನು ತೆಗೆದುಕೊಂಡು, "ಬಾ ಅಕ್ಕ, ನೆಂದೀಯ," ಎಂದು ಒಳಗೆ ನಡೆದಳು.